ಬಾನೆಟ್ಟಿನ ಹುಳ, ಬಾಗಿಲಿನ ಡಾಂಬರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಳೆಹುಳದ್ದೇ ದೂರು. ಜೂನ್ ಬಂತೆಂದರೆ ಹೀಗೇ. ಕುಮಟೆಯಲ್ಲಿ ಮೂವತ್ತು ವರ್ಷ ಗಾಡಿಗಳಿಗೆ ಬಣ್ಣ ಹೊಡೆದವನು ನಾನು. ಆಗ ಈ ಹುಳಗಳಿಂದ ಒಂದಿಷ್ಟು ಸಂಪಾದನೆಯೂ ಆಗಿದೆ. ಈಗ ಶೆಡ್ಡು ಮುಚ್ಚಿದ್ದೇನೆ, ಗುಟ್ಟು ಬಿಟ್ಟುಕೊಡಲು ಅಡ್ಡಿಯಿಲ್ಲ.

ಪ್ರಶ್ನೆ: ಹೋದ ತಿಂಗಳು ಹೊಸ ಕಾರು ತಂದಿದ್ದೇವೆ, ಬಿಳಿ ಬಣ್ಣ. ಮೊದಲ ಮಳೆ ಬಿದ್ದ ಮರುದಿನ ರಾತ್ರಿ ಹುಬ್ಬಳ್ಳಿಯಿಂದ ಮುಂಡಗೋಡದ ಮೇಲೆ ಮನೆಗೆ ಬಂದೆವು. ಬೆಳಿಗ್ಗೆ ನೋಡಿದರೆ ಬಂಪರ್, ಬಾನೆಟ್ ತುಂಬ ಹುಳವೇ ಹುಳ. ಪೈಪ್ ಹಿಡಿದು ನೀರು ಬಿಟ್ಟರೂ ಜಗ್ಗಲಿಲ್ಲ. ಪಕ್ಕದ ಮನೆಯವರು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕೊಟ್ಟು, ಮೆಲ್ಲಗೆ ತಿಕ್ಕಿದರೆ ಹೋಗುತ್ತದೆ ಎಂದರು. ತಿಕ್ಕಲೇ? (ಗೃಹಿಣಿ, ಶಿರಸಿ)

ತಂಗೀ, ಮೊದಲು ಆ ಸ್ಕ್ರಬ್ಬರನ್ನು ಪಕ್ಕದ ಮನೆಗೆ ವಾಪಸು ಕೊಟ್ಟುಬಿಡಿ. ಹುಳ ಹೋಗುತ್ತದೆ ಎಂದದ್ದು ಸುಳ್ಳಲ್ಲ. ಅದರ ಜೊತೆ ಹೊಳಪೂ ಹೋಗುತ್ತದೆ, ಅಷ್ಟೇ.

ಹಾಲು ತಳ ಹಿಡಿದ ತಪ್ಪಲೆಯನ್ನು ನೀವು ಕೂಡಲೇ ತಿಕ್ಕಲು ಕೂರುತ್ತೀರಾ? ನೀರು ಹಾಕಿ ಮೂಲೆಗಿಟ್ಟು ಬೇರೆ ಕೆಲಸ ನೋಡುತ್ತೀರಿ. ಇಲ್ಲೂ ಅದೇ ಲೆಕ್ಕ. ಓಡುವ ಗಾಡಿಗೆ ಬಡಿದ ಹುಳ ಒಡೆದು ಅದರ ಮೈರಸ ಬಾನೆಟ್ ಮೇಲೆ ಹರಡುತ್ತದೆ. ಅದು ಪ್ರೋಟೀನು, ಒಣಗಿದರೆ ಗೋಂದಿಗೆ ಸಮ. ಕೊಳೆಯುತ್ತ ಹುಳಿಯಾಗುವ ಗುಣವೂ ಅದಕ್ಕಿದೆ. ಬಿಸಿಲಿಗೆ ಬಾನೆಟ್ ಕಾದಾಗ ಬಣ್ಣದ ಮೇಲ್ಪದರ ತುಸು ಮೆತ್ತಗಾಗುತ್ತದೆ, ಆಗ ಈ ರಸ ಒಳಕ್ಕೆ ಕಚ್ಚಿ ಗುರುತು ಕೊರೆಯುತ್ತದೆ. ಅದಕ್ಕೇ ಆದಷ್ಟು ಬೇಗ ತೊಳೆಯಿರಿ ಎನ್ನುವುದು. ಆದರೆ ನೆರಳಿನಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ.

ಮೊದಲು ಬರೀ ನೀರು ಬಿಟ್ಟು ಮಣ್ಣು ಇಳಿಸಿ. ಅರ್ಧ ಬಾಲ್ದಿ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಮುಚ್ಚಳ ಕಾರ್ ಶಾಂಪೂ ಹಾಕಿ. ಕುದಿಯುವ ನೀರು ಬೇಡವೇ ಬೇಡ, ಪ್ರೋಟೀನು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಸವೆದು ಮೆತ್ತಗಾದ ಹಳೇ ಪಂಚೆ ಇರುತ್ತದಲ್ಲ, ಅದನ್ನು ಈ ನೀರಲ್ಲಿ ಅದ್ದಿ, ಹಿಂಡದೆ, ಜ್ವರ ಬಂದವರ ಹಣೆಗೆ ಹಾಕಿದ ಹಾಗೆ ಬಾನೆಟ್ ಮೇಲೆ ಹರವಿ. ಬಂಪರಿಗೂ ಒಂದು ತುಂಡು ಅಂಟಿಸಿ. ಹತ್ತು ನಿಮಿಷ ಮುಟ್ಟಬೇಡಿ. ಬಟ್ಟೆ ಒಣಗುತ್ತ ಬಂದರೆ ಮೇಲಿಂದ ಚೊಂಬಿನಲ್ಲಿ ನೀರು ಬಿಡಿ.

ಆಮೇಲೆ ಬಟ್ಟೆಯನ್ನು ಎಳೆಯದೆ, ಮೇಲಕ್ಕೆತ್ತಿ ತೆಗೆಯಿರಿ. ರೆಕ್ಕೆ, ಕಾಲು ಎಲ್ಲ ಬಟ್ಟೆಗೇ ಅಂಟಿಕೊಂಡು ಬಂದಿರುತ್ತವೆ. ಉಳಿದ ಹಳದಿ ಕಲೆಯನ್ನು ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ನೇರ ಗೆರೆಯಲ್ಲಿ ಒರೆಸಿ, ಚಕ್ರಾಕಾರ ತಿರುಗಿಸಬೇಡಿ. ಬರಲಿಲ್ಲವೋ, ಮತ್ತೆ ಹತ್ತು ನಿಮಿಷ ಪಂಚೆ. ಮೂರು ಸಲವಾದರೂ ಸರಿ, ಬೆರಳಿಗೆ ಬಲ ಕೊಡಬೇಡಿ. ಮುಂದಿನ ಜಾಳಿಗೆಯೊಳಗೆ ಸಿಕ್ಕ ಹುಳಕ್ಕೆ ಪೈಪಿನ ಸಾದಾ ನೀರು ಸಾಕು. ಪ್ರೆಷರ್ ಗನ್ ಹತ್ತಿರ ಹಿಡಿದರೆ ಹಿಂದಿರುವ ರೇಡಿಯೇಟರಿನ ತೆಳು ತಗಡುಗಳು ಮಲಗಿಬಿಡುತ್ತವೆ.

ಇಷ್ಟು ಖಡಕ್ಕಾಗಿ ಹೇಳಲು ಕಾರಣವಿದೆ. ಶೆಡ್ಡಿಗೆ ಕೆಲಸ ಕಲಿಯಲು ಸೇರಿದ ಹೊಸತು. ಮದುವೆ ದಿಬ್ಬಣಕ್ಕೆ ಹೊರಡಬೇಕಾದ ಕಪ್ಪು ಅಂಬಾಸಿಡರ್ ಒಂದು ರಾತ್ರಿಯಿಡೀ ಘಾಟಿ ಇಳಿದು ಬಂದಿತ್ತು, ಮುಖ ತುಂಬ ಹುಳ. ಯಜಮಾನರು ಪೇಟೆಗೆ ಹೋಗಿದ್ದರು. ಜಾಣತನ ತೋರಿಸೋಣ ಎಂದು ತೆಂಗಿನ ನಾರು ತಗೊಂಡು ತಿಕ್ಕಿದೆ. ಹುಳ ಹೋಯಿತು, ನಾರು ಕಪ್ಪಾಯಿತು. ಆಗಿನ ಬಣ್ಣಕ್ಕೆ ಮೇಲೆ ಕ್ಲಿಯರ್ ಪದರ, ಅಂದರೆ ಬಣ್ಣ ಕಾಯುವ ಪಾರದರ್ಶಕ ಲೇಪ, ಇರುತ್ತಿರಲಿಲ್ಲ, ಬಣ್ಣವೇ ಕೈಗೆ ಬರುತ್ತಿತ್ತು. ನೆರಳಲ್ಲಿ ಏನೂ ಕಾಣಲಿಲ್ಲ. ಸಂಜೆ ಬಿಸಿಲಿಗೆ ಗಾಡಿ ತಿರುಗಿಸಿದಾಗ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು! ಯಜಮಾನರು ಬೈಯಲಿಲ್ಲ. ಅಂಗಿ ಕಳಚಿಟ್ಟು ರಾತ್ರಿ ಹತ್ತರವರೆಗೆ ಕೈಯಲ್ಲೇ ಪಾಲಿಶ್ ಹಾಕಿದರು, ನಾನು ಲಾಟೀನು ಹಿಡಿದು ನಿಂತಿದ್ದೆ. ಆ ಪಂಚೆ ಉಪಾಯ ಅವರದ್ದೇ.

ಪ್ರಶ್ನೆ: ಕಾರವಾರ–ಅಂಕೋಲೆ ನಡುವೆ ದಿನಾ ಬಾಡಿಗೆ ಓಡಿಸುತ್ತೇನೆ. ಹೊಸದಾಗಿ ಡಾಂಬರು ಹಾಕಿದ ಕಡೆ ಹಾದುಬಂದು ಬಾಗಿಲ ಕೆಳಗೆಲ್ಲ ಕಪ್ಪು ಚುಕ್ಕಿ. ಪೆಟ್ರೋಲ್ ಹಾಕಿ ಒರೆಸು ಅಂತಾರೆ. ಧೂಳನ್ನು ಮಾತ್ರ ನಾನು ದಿನಾ ಬೆಳಿಗ್ಗೆ ಒಣಬಟ್ಟೆಯಲ್ಲಿ ತಪ್ಪದೆ ಒರೆಸುತ್ತೇನೆ. (ಚಾಲಕರು, ಕಾರವಾರ)

ಆ ಕೊನೇ ಮಾತನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ ಮಾರಾಯ್ರೇ, ನನಗೆ ಓದಿ ಎದೆ ಧಸಕ್ಕೆಂದಿತು. ನಮ್ಮ ಕಡೆಯ ಧೂಳು ಅಂದರೆ ಏನು? ಚಿರೆಕಲ್ಲು ಪುಡಿಯಾದ ಕೆಮ್ಮಣ್ಣು. ಎರಡು ಬೆರಳ ನಡುವೆ ತಿಕ್ಕಿ ನೋಡಿ, ಕರಕರ ಎನ್ನುತ್ತದೆ. ಒಣಬಟ್ಟೆಗೆ ಅದು ಸೇರಿದರೆ ಪಾಲಿಶ್ ಕಾಗದವಾಯಿತು. ಅದರ ಮೇಲೆ ಕಡಲ ಗಾಳಿಯ ಉಪ್ಪು ಬೇರೆ. ಸಮಯವಿಲ್ಲದ ದಿನ ಗಾಜು ತೊಳೆದುಕೊಂಡು ಹೊರಡಿ, ಧೂಳು ಹಾಗೇ ಇರಲಿ. ತೊಳೆಯುವ ದಿನ ಎರಡು ಬಾಲ್ದಿ ಇಟ್ಟುಕೊಳ್ಳಿ, ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ಮಾಡಿನಿಂದ ಕೆಳಕ್ಕೆ ಬನ್ನಿ. ಚಕ್ರದ ಸುತ್ತಿಗೆ, ಬಾಗಿಲ ಕೆಳಗಿನ ಅಂಚಿಗೆ ಬೇರೆಯೇ ಬಟ್ಟೆ. ಗಾಡಿಯ ಅಡಿಗೂ ನೀರು ಹಾಯಿಸಿ. ಉಪ್ಪು ಕೂತು ತುಕ್ಕು ಶುರುವಾಗುವುದು ಕಣ್ಣಿಗೆ ಕಾಣದ ಆ ಜಾಗದಲ್ಲೇ.

ಇನ್ನು ಡಾಂಬರು. ಹಲಸಿನ ಸೊಳೆ ಬಿಡಿಸುವಾಗ ಕೈಗೆ ಹತ್ತಿದ ಮೇಣಕ್ಕೆ ನೀರು ಹಾಕುತ್ತೇವೆಯೇ? ಕೊಬ್ಬರಿ ಎಣ್ಣೆ. ಡಾಂಬರೂ ಎಣ್ಣೆಯ ಜಾತಿಯದ್ದೇ, ಎಣ್ಣೆಗೇ ಒಲಿಯುವುದು. ಗಾಡಿ ತೊಳೆದು ಒಣಗಿದ ಮೇಲೆ ಚುಕ್ಕಿಯ ಮೇಲೆ ಎಣ್ಣೆ ಹಚ್ಚಿ, ಕಾಲು ಗಂಟೆ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹೊಸ ಡಾಂಬರಾದರೆ ಕಂದು ನೀರಾಗಿ ಬರುತ್ತದೆ. ಹಳೇದು ಹಟ ಹಿಡಿದರೆ ಚಿಮಣಿ ಎಣ್ಣೆ, ಅದೂ ಬಟ್ಟೆಯ ತುದಿಗೆ ಮಾತ್ರ, ಒಂದೊಂದೇ ಚುಕ್ಕಿಗೆ. ಈಚೆಗೆ ರೀಪೇಂಟ್ ಆದ ಬಾಗಿಲಿಗೆ ತಾಗಿಸಬೇಡಿ, ರಬ್ಬರಿಗೂ ಬೇಡ. ಕೆಲಸ ಮುಗಿದ ಕೂಡಲೇ ಆ ಜಾಗವನ್ನು ಶಾಂಪೂ ಹಾಕಿ ತೊಳೆಯಿರಿ, ಇಲ್ಲವಾದರೆ ಉಳಿದ ಎಣ್ಣೆಗೆ ಮತ್ತೆ ಕೆಮ್ಮಣ್ಣು. ಪೆಟ್ರೋಲ್ ಬೇಡ. ಅದು ಡಾಂಬರನ್ನು ಕರಗಿಸಿ, ಒರೆಸುವಷ್ಟರಲ್ಲಿ ಆರಿಹೋಗಿ, ಕಪ್ಪನ್ನು ಅಗಲಕ್ಕೆ ಬಳಿಯುತ್ತದೆ. ಬೆಂಕಿಯ ಭಯ ಬೇರೆ. ಹೆಡ್‌ಲೈಟಿನ ಪ್ಲಾಸ್ಟಿಕ್ಕಿಗೆ ಪೆಟ್ರೋಲ್, ಥಿನ್ನರ್ ತಾಗಿದರೆ ಕಣ್ಣಿಗೆ ಪೊರೆ ಬಂದ ಹಾಗೆ ಮಂಕಾಗುತ್ತದೆ.

ಪ್ರಶ್ನೆ: ಕಾರ್ ಶಾಂಪೂವೇ ಬೇಕೇ? ಪಾತ್ರೆ ಸೋಪು ಸಾಲದೇ? (ಹೊನ್ನಾವರ)

ಸಾಲದು ಅಂತಲ್ಲ, ಅದು ಹೆಚ್ಚಾಗುತ್ತದೆ. ಜಿಡ್ಡು ತೆಗೆಯುವುದೇ ಅದರ ಕೆಲಸ, ಬಣ್ಣ ಕಾಯುವ ವ್ಯಾಕ್ಸೂ ಅದರ ಲೆಕ್ಕಕ್ಕೆ ಜಿಡ್ಡೇ. ಒಂದು ಬಾಟಲಿ ಶಾಂಪೂ ತಿಂಗಳುಗಟ್ಟಲೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಕೈ ವ್ಯಾಕ್ಸ್ ಹಾಕಿಟ್ಟರೆ ಹುಳ ಕೂರುತ್ತದೆ, ಕಚ್ಚುವುದಿಲ್ಲ.

ಪ್ರಶ್ನೆ: ನೀವು ಹಿಂದೆ ಹೇಳಿದಂತೆ ನೆನೆಸಿಯೇ ತೆಗೆದೆ. ಆದರೂ ಬಾನೆಟ್ ಮೇಲೆ ಐದಾರು ಕಡೆ ರೆಕ್ಕೆಯ ಅಚ್ಚು ಉಳಿದಿದೆ. ಮೇಲ್ಪದರ ಉಜ್ಜಿ ಹೊಳಪು ಬರಿಸುವ ರಬ್ಬಿಂಗ್ ಮಾಡಿಸಿಬಿಡಲೇ? (ಶಿಕ್ಷಕರು, ಯಲ್ಲಾಪುರ)

ಎಷ್ಟು ದಿನ ಬಿಟ್ಟು ತೊಳೆದಿರಿ ಮಾಸ್ತರರೇ? ಅದನ್ನು ಬರೆದಿಲ್ಲ. ಉಗುರು ಅಡ್ಡ ಆಡಿಸಿ ನೋಡಿ. ಉಗುರಿಗೆ ಏನೂ ಸಿಗದಿದ್ದರೆ ಆ ಐದಾರು ಜಾಗಕ್ಕಷ್ಟೇ ಸಣ್ಣ ಪಾಲಿಶ್ ಸಾಕು. ಇಡೀ ಗಾಡಿಗೆ ರಬ್ಬಿಂಗ್ ಎಂದರೆ ಒಪ್ಪಬೇಡಿ. ಈಗಿನ ಕಾರುಗಳ ಕ್ಲಿಯರ್ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪ್ರತಿ ರಬ್ಬಿಂಗೂ ಅದರಿಂದಲೇ ಒಂದು ಪಾಲು ತಿನ್ನುತ್ತದೆ. ಉಗುರು ತಡೆದರೆ ಅಚ್ಚು ಆಳಕ್ಕಿಳಿದಿದೆ, ಅದನ್ನು ಪೂರ್ತಿ ತೆಗೆಯಹೊರಟರೆ ಅಲ್ಲಿನ ಕ್ಲಿಯರೇ ಹೋದೀತು. ನಾನಾದರೆ ಬಿಟ್ಟುಬಿಡುತ್ತೇನೆ. ನನ್ನ ಗಾಡಿಯ ಬಾನೆಟ್ ಎಡಬದಿಗೂ ಅಂಥದೊಂದಿದೆ, ದೇವಿಮನೆ ಘಾಟಿಯದ್ದು. ಮದುವೆ ಮನೆಯಲ್ಲಿ ಮೂರು ದಿನ ನಿಂತು ತೊಳೆಯದೇ ಬಿಟ್ಟಿದ್ದೆ. ಹೆಂಡತಿ ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ, 'ಪೇಂಟರ್ ಮನೆ ಕಾರು ನೋಡಿ' ಅಂತ.