ಒತ್ತು ಬಂದಲ್ಲಿ ಓದು ನಿಲ್ಲುತ್ತದೆ

ಪ್ರಶ್ನೆ: ತಮ್ಮನಿಗೆ 27 ವರ್ಷ, ಡಿಸ್ಲೆಕ್ಸಿಯಾ (ಓದು ಕಷ್ಟವಾಗಿಸುವ ಕಲಿಕಾ ನ್ಯೂನತೆ) ಇದೆ. ಬಿಡಿ ಅಕ್ಷರ ಓದುತ್ತಾನೆ, ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಎಸ್‌ಎಸ್‌ಎಲ್‌ಸಿ ಕಟ್ಟುವ ಆಸೆ. ಮನೆಯಲ್ಲಿ ಹೇಗೆ ಕಲಿಸಲಿ?
– ಓದುಗಿ, ಹಾವೇರಿ

ಉತ್ತರ: ಕಾಗುಣಿತವನ್ನು ಮತ್ತೆ ಬಾಯಿಪಾಠ ಮಾಡಿಸಬೇಡಿ, ತೊಡಕು ಅಲ್ಲಿಲ್ಲ. ‘ರಸ್ತೆ’ಯನ್ನೇ ನೋಡಿ: ಎಕಾರದ ಗುರುತು ‘ಸ’ದ ತಲೆಯ ಮೇಲೆ, ಉಚ್ಚಾರ ‘ತ’ದ ಜೊತೆ. ‘ಧರ್ಮ’ದಲ್ಲಿ ರಕಾರ ಮೊದಲು ಕೇಳಿಸುತ್ತದೆ, ಅರ್ಕಾವೊತ್ತು ಮಾತ್ರ ‘ಮ’ ಆದಮೇಲೆ. ಕಣ್ಣಿನ ಕ್ರಮ, ಕಿವಿಯ ಕ್ರಮ ಬೇರೆಯಾದಾಗ ಡಿಸ್ಲೆಕ್ಸಿಯಾ ಇರುವವರು ಊಹಿಸಿ ಓದುತ್ತಾರೆ.

ದಿನಕ್ಕೆ 20 ನಿಮಿಷ, ಒಂದೇ ಒತ್ತು ಸಾಕು. ಅಕ್ಕ, ಅಪ್ಪದಂಥ ಸಜಾತೀಯ (ಅಕ್ಷರಕ್ಕೆ ಅದರದೇ ಒತ್ತು ಇರುವ) ಪದಗಳಿಂದ ಶುರುಮಾಡಿ. ತ, ನ, ಮ, ಯ, ರ, ಲ ಒತ್ತುಗಳು ಮೂಲಾಕ್ಷರವನ್ನು ಹೋಲುವುದಿಲ್ಲ, ಅವಕ್ಕೆ ಹೆಚ್ಚು ದಿನ ಕೊಡಿ. ಆಮೇಲೆ ರ–ಸ್–ತೆ ಎಂದು ಮೂರು ಚೀಟಿ ಬರೆದು, ಒಂದೊಂದನ್ನೂ ಗಟ್ಟಿಯಾಗಿ ಹೇಳಿಸಿ, ಕೂಡಿಸಿ ಓದಿಸಿ, ಕೊನೆಗೆ ಇಡೀ ಪದ ಬರೆಸಿ. ಪದಗಳು ಅವನ ಕೆಲಸದವೇ ಇರಲಿ. ಒಂದನೇ ತರಗತಿಯ ಪುಸ್ತಕ ಕೊಟ್ಟರೆ ದೊಡ್ಡವರಿಗೆ ಅವಮಾನ, ಮೂರನೇ ದಿನಕ್ಕೇ ಕೈಬಿಡುತ್ತಾರೆ. ವಿಜ್ಞಾನ, ಸಮಾಜದ ಪಾಠಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡಿ. ಓದು ಸುಧಾರಿಸಲಿ ಎಂದು ವಿಷಯ ಕಾಯಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಖಾಸಗಿ ವರದಿಯೊಂದನ್ನೇ ನಂಬಬೇಡಿ, ಸರ್ಕಾರಿ ಪ್ರಮಾಣಪತ್ರ ಮಾಡಿಸಿ. ಲಿಪಿಕಾರರು (ಅವನು ಹೇಳಿದ ಉತ್ತರ ಬರೆದುಕೊಡುವವರು), ಹೆಚ್ಚುವರಿ ಸಮಯ ಬೇಕೆಂಬುದನ್ನು ಪರೀಕ್ಷೆಗೆ ನೋಂದಾಯಿಸುವಾಗಲೇ ಬರೆದುಕೊಡಿ.