ಬೀದಿ ನಾಯಿಮರಿಗೂ ಇಷ್ಟೊಂದ್ ವಿಚಾರಣೆ ಬೇಕಾ?

ಪ್ರಶ್ನೆ: ಮೇಡಂ, ನಾಯಿಮರಿ ಬೇಕು ಅಂತ ಮಗಳು ವರ್ಷದಿಂದ ಹಠ ಹಿಡಿದಿದಾಳೆ. ದುಡ್ಡು ಕೊಟ್ಟು ತರೋದು ಬೇಡ ಅಂತ ಒಂದು ಶೆಲ್ಟರ್‌ಗೆ ಹೋದ್ವಿ. ಬಾಡಿಗೆ ಮನೆನಾ, ಎಷ್ಟೊತ್ತು ಬೀಗ ಹಾಕಿರ್ತೀರಾ, ಊರಿಗೆ ಹೋದ್ರೆ ಯಾರ್ ನೋಡ್ಕೋತಾರೆ ಅಂತೆಲ್ಲಾ ಕೇಳಿ, ಮನೆ ನೋಡೋಕೂ ಬರ್ತೀವಿ ಅಂದ್ರು. ನಮ್ಮತ್ತೆಗೆ ತುಂಬಾ ಬೇಜಾರಾಗಿದೆ. ಇದೆಲ್ಲಾ ಬೇಕಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಬೇಕಮ್ಮಾ, ಬೇಕೇ ಬೇಕು. ನಾನು ಭಾನುವಾರ ಒಂದು ಶೆಲ್ಟರ್‌ಗೆ ಕೆಲ್ಸಕ್ಕೆ ಹೋಗ್ತೀನಿ, ಅಲ್ಲಿಗೆ ಒಂದ್ಸಲ ಒಂದೂವರೆ ವರ್ಷದ ಕಂದು ನಾಯಿನ ವಾಪಸ್ ತಂದು ಬಿಟ್ರು, ಹೊಸ ಮನೆ ಓನರ್ ಒಪ್ಪಲಿಲ್ಲವಂತೆ. ಎಂಟು ದಿನ ಅದು ಗೇಟ್ ಬಿಟ್ಟು ಕದಲಲಿಲ್ಲ, ಸ್ಕೂಟರ್ ಸದ್ದು ಕೇಳಿದ್ರೆ ಸಾಕು ಕಿವಿ ನೆಟ್ಟಗಾಗೋದು, ಗಾಡಿ ಮುಂದಕ್ಕೆ ಹೋದ್ಮೇಲೆ ಮತ್ತೆ ಮೂತಿ ನೆಲಕ್ಕೆ. ತಟ್ಟೇಲಿ ಹಾಕಿದ ಅನ್ನ ಹಂಗೇ ಒಣಗ್ತಿತ್ತು. ಅದನ್ನ ನೋಡಿದೋರು ಯಾರೂ ಓನರ್ ಒಪ್ಪಿಗೆ ಕೇಳದೆ ನಾಯಿ ಕೊಡಲ್ಲ.

ಬೆಂಗಳೂರಲ್ಲಿ 1991ರಿಂದ ಇರೋ ಕ್ಯೂಪಾ ಥರದ ಪ್ರಾಣಿ ರಕ್ಷಣಾ ಸಂಸ್ಥೆಗಳು ಗಾಯ ಆಗಿರೋವು, ಮನೆಯೋರೇ ಬಿಟ್ಟು ಹೋಗಿರೋವು ಎಲ್ಲಾನೂ ನೋಡ್ಕೋಬೇಕು. ಒಂದಕ್ಕೆ ಮನೆ ಸಿಕ್ರೆ ಕಾಲು ಮುರ್ಕೊಂಡು ಬಂದ ಇನ್ನೊಂದಕ್ಕೆ ಜಾಗ ಆಗುತ್ತೆ, ಆದ್ರೂ ಅವ್ರು ಅವಸರ ಮಾಡಲ್ಲ ನೋಡಿ. ಮನೆಗೆ ಬರೋದು ನಿಮ್ಮ ಅಂತಸ್ತು ಅಳೆಯೋಕಲ್ಲ, ಬಾಲ್ಕನಿ ಗ್ರಿಲ್ ಸಂದೀಲಿ ಮರಿ ತೂರ್ಕೊಂಡು ಕೆಳಗೆ ಬೀಳುತ್ತಾ, ಟೆರೇಸಲ್ಲೇ ಕಟ್ಟಿ ಹಾಕ್ತಾರಾ ಅಂತ ನೋಡೋಕೆ. ಅತ್ತೆಯವ್ರಿಗೆ ಇದನ್ನ ಹೇಳಿ.

ಇನ್ನೊಂದು ಮಾತು, ನೀವ್ ಕೇಳಿಲ್ಲ ಆದ್ರೂ ಹೇಳ್ತೀನಿ. ಮನೇಲಿ ವಯಸ್ಸಾದವ್ರು ಇದಾರೆ ಅಂದ್ರೆ ಮರಿಗಿಂತ ಎರಡು ಮೂರು ವರ್ಷದ ಸಾಧು ನಾಯಿ ನೋಡಿ. ಮರಿ ಸೆರಗು ಕಚ್ಚಿ ಎಳೆಯುತ್ತೆ, ದಿನಕ್ಕೆ ಹತ್ತು ಸಲ ಉಚ್ಚೆ ಹೊಯ್ಯುತ್ತೆ, ಅತ್ತೆ ಕಾಲು ಜಾರಿದ್ರೆ ಕಷ್ಟ. ಮರೀನೇ ಬೇಕು ಅಂದ್ರೆ ಪಾರ್ವೋ, ಡಿಸ್ಟೆಂಪರ್ ಅನ್ನೋ ಜೀವ ತೆಗೆಯೋ ರೋಗಗಳ ಲಸಿಕೆ 6–8 ವಾರಕ್ಕೆ ಶುರು ಮಾಡಿ 16 ವಾರದವರೆಗೂ ಮೂರ್ನಾಲ್ಕು ವಾರಕ್ಕೊಂದ್ಸಲ ಹಾಕಿಸ್ಬೇಕು, ಮೂರು ತಿಂಗಳಿಗೆ ರೇಬೀಸ್ ಇಂಜೆಕ್ಷನ್, ಆಮೇಲೆ ಮರಿ ಆಗದಂಗೆ ಆಪರೇಷನ್ನು. ಈ ಖರ್ಚು ಮೊದಲೇ ಲೆಕ್ಕ ಹಾಕ್ಕೊಳಿ.

ಮನೆಗೆ ತಂದ ದಿನ ಅದು ಮಂಚದ ಕೆಳಗೆ ಸೇರ್ಕೊಂಡ್ರೆ ಎಳೀಬೇಡಿ, ಮಗಳಿಗೂ ಹೇಳಿಡಿ. ಪಕ್ಕದಲ್ಲಿ ನೀರಿಟ್ಟು, ಅತ್ತೆಯವ್ರದ್ದೇ ಒಂದು ಹಳೇ ಕಾಟನ್ ಸೀರೆ ಹಾಸಿ ಬಿಟ್ಬಿಡಿ. ರಾತ್ರಿ ಎಲ್ಲಾ ಮಲಗಿದ್ಮೇಲೆ ಅದೇ ಈಚೆ ಬಂದು ಮೂಸಿ ನೋಡುತ್ತೆ.