ಅಳು ಅವಿಶ್ವಾಸವೇ?

ದುಡಿಯುವ ಮಗನನ್ನು ಕಳೆದುಕೊಂಡ ಹುಮನಾಬಾದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: ಮನೆಗೆ ಬಂದ ನಮ್ಮ ಕ್ರೈಸ್ತ ಸಭೆಯ ಹಿರಿಯರು, ಅಳುವುದು ಅವಿಶ್ವಾಸದ ಗುರುತು, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಸತ್ಯವೇದದ (ಬೈಬಲಿನ) ಯೋಬನ ತಾಳ್ಮೆಯನ್ನು ನೆನೆಯಿರಿ ಎಂದು ಹೇಳಿ ಪ್ರಾರ್ಥಿಸಿ ಹೋದರು, ಕಣ್ಣೀರು ನಿಲ್ಲದ ನಾನು ಪಾಪಿಯೇ?

ಉತ್ತರ: ತಾಯಿ, ಹಿರಿಯರ ಮಾತಿಗೂ ಆಧಾರವಿದೆ. ನಿರೀಕ್ಷೆಯಿಲ್ಲದವರಂತೆ ದುಃಖಿಸಬಾರದೆಂದು ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ಬರೆದದ್ದು ನಿಜ. ಆದರೆ ಅಳುವವರ ಸಂಗಡ ಅಳಬೇಕೆಂದು ರೋಮದವರಿಗೆ ಬರೆದವನೂ ಅವನೇ.

ನಿಮ್ಮ ಮೇಲೂ ನನಗೆ ತುಸು ಮುನಿಸಿದೆ. ಮನೆಯಲ್ಲಿ ಸತ್ಯವೇದವಿಟ್ಟುಕೊಂಡು ಯೋಬನ ಕತೆಯನ್ನು ಮಂದಿಯ ಬಾಯಿಂದ ಕೇಳಿ ನಂಬಿದಿರಲ್ಲ! ಯೋಬನ ಗ್ರಂಥದ ಮೂರನೆಯ ಅಧ್ಯಾಯ ತೆರೆದು ನೋಡಿರಿ. ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಮುಂದೆ ದೇವರೊಡನೆಯೇ ವ್ಯಾಜ್ಯಕ್ಕೆ ನಿಲ್ಲುತ್ತಾನೆ. ಕಡೆಗೆ, 42ನೆಯ ಅಧ್ಯಾಯದಲ್ಲಿ, ದೇವರ ಕೋಪ ಉರಿದದ್ದು ಅವನ ಮೇಲಲ್ಲ, ಬುದ್ಧಿ ಹೇಳಲು ಬಂದ ಎಲೀಫಜ ಮತ್ತು ಅವನ ಇಬ್ಬರು ಗೆಳೆಯರ ಮೇಲೆ. ಇಂಥ ಯೋಬನನ್ನೇ ಸತ್ಯವೇದದಲ್ಲೇ ಇರುವ ಯಾಕೋಬನ ಪತ್ರ ತಾಳ್ಮೆಗೆ ಮಾದರಿಯಾಗಿ ತೋರಿಸುತ್ತದೆ. ಅಲ್ಲಿರುವ ಗ್ರೀಕ್ ಪದ 'ಹುಪೊಮೊನೆ'; ಹೊರೆಯ ಅಡಿಯಲ್ಲಿ ಓಡಿಹೋಗದೆ ನಿಲ್ಲುವುದೆಂಬುದು ಅದರ ಮೂಲದ ಅರ್ಥ. ಹೊರೆ ಹೊತ್ತವರು ನರಳಬಾರದೆಂದು ಆ ಪದ ಹೇಳುವುದಿಲ್ಲ. ಸತ್ತ ಲಾಜರನನ್ನು ಎಬ್ಬಿಸುವೆನೆಂದು ತಿಳಿದೇ ಅವನ ಊರಾದ ಬೇಥಾನ್ಯಕ್ಕೆ ಬಂದ ಯೇಸು ಅವನ ಸಹೋದರಿ ಮರಿಯಳ ಅಳುವನ್ನು ಕಂಡು ತಾನೂ ಅತ್ತನಲ್ಲವೇ?

ಯೋಬನ ಆ ಮೂವರು ಗೆಳೆಯರೂ ಒಂದು ಒಳ್ಳೆಯ ಕೆಲಸ ಮಾಡಿದ್ದರು: ಮೊದಲ 7 ದಿನ ರಾತ್ರಿ ಹಗಲು ಬಾಯಿ ತೆರೆಯದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಬೀದರಿನಲ್ಲಿ ನನ್ನ ತಂದೆ ತೀರಿಕೊಂಡಾಗ ನಮ್ಮ ಮನೆಯ ಒಲೆ ಹೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿ, ನಮ್ಮ ಸಭೆಯವಳೂ ಅಲ್ಲ, ಜೋಳದ ರೊಟ್ಟಿಯ ಬುತ್ತಿ ತಂದಿಟ್ಟು ಅವ್ವನ ಬೆನ್ನಿಗೆ ಒರಗಿ ಸಂಜೆಯವರೆಗೆ ಕುಳಿತಳು. ಅಂದು ಕೇಳಿದ ಪ್ರಸಂಗದ ಒಂದು ಮಾತೂ ನನಗೆ ನೆನಪಿಲ್ಲ, ಆ ರೊಟ್ಟಿ ನೆನಪಿದೆ.

ಈಗ ಸಾವಿನ ಮನೆಗೆ ಬುತ್ತಿಗಿಂತ ಮೊದಲು ಮೈಕು ಬರುತ್ತದೆ. ಬರಲಾಗದವರು ಮೇಣದಬತ್ತಿಯ ಚಿತ್ರಕ್ಕೆ ಸತ್ಯವೇದದ ಒಂದು ವಚನ ಅಂಟಿಸಿ ಮೊಬೈಲಿಗೆ ಕಳಿಸಿ ಋಣ ತೀರಿತೆಂದುಕೊಳ್ಳುತ್ತಾರೆ. ಸಮಾಧಾನ ಹೇಳುವ ಅವಸರವೆಲ್ಲ ಹೇಳುವವರದೇ. ಪರರ ಅಳು ಕೇಳುತ್ತ ಕೂರುವುದು ಅವರಿಂದ ಆಗುವುದಿಲ್ಲ.

ಹಿರಿಯರು ಮತ್ತೆ ಬಂದರೆ ಚಹಾ ಕೊಟ್ಟು, ಸತ್ಯವೇದದ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಲು ಕೇಳಿಕೊಳ್ಳಿರಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕಡೆಯ ಸಾಲಿನವರೆಗೂ ಓದಲಿ.